ಟೆಕ್ನಿಕಲ್ ಬಿಡ್‌ನಲ್ಲೇ ತಿರಸ್ಕಾರ ಆದರೆ ಮೊದಲು ಏನು ಮಾಡಬೇಕು

ಮುಳಬಾಗಿಲಿನ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಅವರ ಎಫ್‌ಪಿಒ, ಅಂದರೆ ರೈತ ಉತ್ಪಾದಕರ ಕಂಪನಿ, ಒಂದು ಇಲಾಖೆಗೆ ಎರೆಹುಳು ಗೊಬ್ಬರ ಪೂರೈಸಲು ಟೆಂಡರ್ ಹಾಕಿತ್ತು. "ಪರೀಕ್ಷಾ ವರದಿ ಬಿಡ್ಡುದಾರರ ಹೆಸರಿನಲ್ಲಿಲ್ಲ" ಅಂತ ಟೆಕ್ನಿಕಲ್ ಹಂತದಲ್ಲೇ ಕೈಬಿಟ್ಟಿದ್ದಾರೆ. ವರದಿ ಇರುವುದು ಗೊಬ್ಬರ ತಯಾರಿಸುವ ಸದಸ್ಯರೊಬ್ಬರ ಹೆಸರಿನಲ್ಲಿ. "ನಮ್ಮ ದರವೇ ಕಡಿಮೆ ಇತ್ತು, ಹೈಕೋರ್ಟ್‌ಗೆ ಹೋಗೋಣವಾ?" ಅಂತ ಕೇಳಿದ್ದಾರೆ. ಶ್ರೀನಿವಾಸಪುರದ ಅಕ್ಕ, ಪಂಚಾಯ್ತಿ ಸದಸ್ಯೆ, ಟೆಂಡರ್ ಕರೆಯುವವರು ಏನು ನೋಡಬೇಕು ಅಂತಲೂ ಕೇಳಿದ್ದಾರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಣ್ಣ, ದರದ ಮಾತು ಈಗ ಬಿಡಿ. ಎರಡು ಲಕೋಟೆ ಪದ್ಧತಿಯಲ್ಲಿ ಅರ್ಹತೆಯ ದಾಖಲೆಗಳು (ಟೆಕ್ನಿಕಲ್ ಬಿಡ್) ಒಂದರಲ್ಲಿ, ದರ ಇನ್ನೊಂದರಲ್ಲಿ; ಟೆಕ್ನಿಕಲ್ ಪಾಸಾದವರ ದರ ಮಾತ್ರ ತೆರೆಯುತ್ತಾರೆ. ನಿಮ್ಮ ದರದ ಲಕೋಟೆ ತೆರೆದೇ ಇಲ್ಲ. ಹಾಗಾಗಿ ನಿಮ್ಮ ವಾದ ಪೂರ್ತಿ ನಿಲ್ಲುವುದು ಆ ಒಂದು ಷರತ್ತಿನ ಮೇಲೆ. ಟೆಂಡರ್ ದಾಖಲೆಯ ಆ ಪುಟ ತೆಗೆದು ಪದಪದವಾಗಿ ಓದಿ. "ಮಾನ್ಯತೆ ಪಡೆದ ಲ್ಯಾಬ್‌ನ ವರದಿ" ಅಂತಷ್ಟೇ ಇದೆಯಾ, "ಬಿಡ್ಡುದಾರರ ಹೆಸರಿನಲ್ಲಿರುವ ವರದಿ" ಅಂತ ಇದೆಯಾ? ಮೊದಲನೆಯದಾದರೆ ನಿಮಗೆ ಒಳ್ಳೆಯ ವಾದವಿದೆ: ಬರೆಯದೇ ಇದ್ದ ಷರತ್ತನ್ನು ಮೌಲ್ಯಮಾಪನದ ಹೊತ್ತಿಗೆ ಸೇರಿಸಿದ್ದಾರೆ. ಎರಡನೆಯದಾದರೆ ಕಷ್ಟ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

ಸುಪ್ರೀಂ ಕೋರ್ಟ್ ಎರಡೂ ಕಡೆ ತೀರ್ಪು ಕೊಟ್ಟಿದೆ. 1991ರ ಪೊದ್ದಾರ್ ಸ್ಟೀಲ್ ಪ್ರಕರಣದಲ್ಲಿ ಇಎಂಡಿಯನ್ನು (ಬಿಡ್ ಜೊತೆ ಇಡುವ ಠೇವಣಿ) ನಗದಾಗಿ ಅಥವಾ ಸ್ಟೇಟ್ ಬ್ಯಾಂಕ್ ಡಿಡಿಯಲ್ಲಿ ಕೊಡಬೇಕಿತ್ತು, ಬಿಡ್ಡುದಾರರು ಯೂನಿಯನ್ ಬ್ಯಾಂಕಿನ ಚೆಕ್ ಕೊಟ್ಟಿದ್ದರು. ಇದು ಸಣ್ಣ ಷರತ್ತು, ಇಲಾಖೆ ಸಡಿಲಿಸಬಹುದು ಅಂತ ಕೋರ್ಟ್ ಹೇಳಿತು. 2016ರ ಸೆಂಟ್ರಲ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಬ್ಯಾಂಕ್ ಗ್ಯಾರಂಟಿ ನಿಗದಿತ ನಮೂನೆಯಲ್ಲಿ ಇರಲಿಲ್ಲ. ತಿರಸ್ಕಾರ ಸರಿ ಎಂದಿತು. ಯಾವ ಷರತ್ತು ಮುಖ್ಯ ಅಂತ ತೀರ್ಮಾನಿಸುವ ಹಕ್ಕು ಟೆಂಡರ್ ಕರೆದವರದ್ದು ಅನ್ನುವ ಕಡೆಗೇ ಈಗ ಕೋರ್ಟ್ ಜಾಸ್ತಿ ವಾಲಿದೆ. 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದಲೂ ನ್ಯಾಯಾಲಯ ನೋಡುವುದು ನಿರ್ಧಾರ ತೆಗೆದುಕೊಂಡ ರೀತಿಯನ್ನು. ನಿರ್ಧಾರವೇ ಸರಿಯಾ ತಪ್ಪಾ ಅಂತ ಮೇಲ್ಮನವಿಯಂತೆ ಕೂತು ನೋಡುವುದಿಲ್ಲ. ಹಾಗಾಗಿ ರಿಟ್, ಅಂದರೆ ಹೈಕೋರ್ಟ್‌ಗೆ ಹಾಕುವ ಅರ್ಜಿ, ಕೊನೆಯ ದಾರಿ, ಖರ್ಚೂ ಅದರಲ್ಲೇ ಜಾಸ್ತಿ.

ಈ ವಾರವೇ ಮಾಡಬೇಕಾದ್ದು ಇದು. ತಿರಸ್ಕಾರದ ಕಾರಣ ಲಿಖಿತವಾಗಿ ಕೊಡಿ ಅಂತ ಟೆಂಡರ್ ಕರೆದ ಅಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಾಜ್ಯದ ಟೆಂಡರ್‌ಗಳು ನಡೆಯುವ ಕೆಪಿಪಿಪಿ ಪೋರ್ಟಲ್‌ನಲ್ಲಿ ಕಾಣುವ ಮೌಲ್ಯಮಾಪನದ ಪುಟವನ್ನು ಪ್ರಿಂಟ್ ಮಾಡಿಟ್ಟುಕೊಳ್ಳಿ. 1999ರ ಕೆಟಿಪಿಪಿ ಕಾಯ್ದೆಯ (ರಾಜ್ಯದ ಸಾರ್ವಜನಿಕ ಖರೀದಿ ಕಾಯ್ದೆ) ಕಲಂ 13ರಡಿ ಟೆಂಡರ್ ಅಂಗೀಕಾರ ಪ್ರಾಧಿಕಾರ ಹೊರಡಿಸುವ ಆದೇಶದ ಮೇಲೆ ಕಲಂ 16ರಡಿ ಮೇಲ್ಮನವಿಗೆ ಅವಕಾಶವಿದೆ. ಆದೇಶ ಕೈಗೆ ಬಂದ ದಿನದಿಂದ 30 ದಿನ. ಇಲ್ಲೇ ತುಂಬಾ ಜನ ಎಡವುತ್ತಾರೆ: ಮೊದಲು ಆರ್‌ಟಿಐ ಹಾಕಿ ಉತ್ತರ ಬರಲಿ ಅಂತ ಕಾಯುತ್ತಾರೆ. ಆರ್‌ಟಿಐ ಉತ್ತರಕ್ಕೂ 30 ದಿನ, ಮೇಲ್ಮನವಿಗೂ 30 ದಿನ. ಕಾದರೆ ಎರಡೂ ಒಟ್ಟಿಗೇ ಮುಗಿಯುತ್ತವೆ. ಎರಡನ್ನೂ ಒಟ್ಟಿಗೇ ಹಾಕಿ, ಮಾಹಿತಿ ಬಂದಾಗ ಮೇಲ್ಮನವಿಗೆ ಸೇರಿಸಿ. ಆರ್‌ಟಿಐಯಲ್ಲಿ ಟೆಕ್ನಿಕಲ್ ಮೌಲ್ಯಮಾಪನದ ಹಾಳೆ ಮತ್ತು ಪಾಸಾದವರು ಕೊಟ್ಟ ಪರೀಕ್ಷಾ ವರದಿಯ ಪ್ರತಿ ಕೇಳಿ. ಅವರಲ್ಲೂ ಯಾರದೋ ವರದಿ ಬೇರೆ ಹೆಸರಿನಲ್ಲಿದ್ದು ಪಾಸಾಗಿದ್ದರೆ, ಅದಕ್ಕಿಂತ ಬಲವಾದ ಆಧಾರ ನಿಮಗೆ ಬೇರೆ ಸಿಗುವುದಿಲ್ಲ.

ನಿಮ್ಮ ಕಡೆಯ ಕಾಗದವನ್ನೂ ಗಟ್ಟಿ ಮಾಡಿಕೊಳ್ಳಿ. ಉತ್ಪಾದಕ ಕಂಪನಿ ತನ್ನ ಸದಸ್ಯರ ಉತ್ಪನ್ನವನ್ನು ಒಟ್ಟುಗೂಡಿಸಿ ಮಾರುವುದಕ್ಕೇ ಇರುವುದು, 2013ರ ಕಂಪನಿ ಕಾಯ್ದೆಯ ಕಲಂ 378ಬಿ ಹಾಗೇ ಹೇಳುತ್ತದೆ. ವರದಿ ಇರುವ ಸದಸ್ಯರ ಷೇರು ಪ್ರಮಾಣಪತ್ರ, ಅವರ ಗೊಬ್ಬರ ಕಂಪನಿ ಮೂಲಕ ಮಾರುವ ಬಗ್ಗೆ ಆಡಳಿತ ಮಂಡಳಿಯ ಠರಾವು ಇವನ್ನು ಮೇಲ್ಮನವಿ ಜೊತೆ ಇಡಿ. ಟೆಂಡರ್ ಕೊನೆಯ ದಿನಕ್ಕಿಂತ ಮುಂಚಿನ ಠರಾವು ಇದ್ದರೆ ಮಾತ್ರ ಬೆಲೆ. ಈಗ ಬರೆದು ಹಳೆಯ ತಾರೀಖು ಹಾಕುವ ಕೆಲಸ ಮಾತ್ರ ಬೇಡ, ಅದು ಫೋರ್ಜರಿ ಆಗುತ್ತದೆ. ಎರೆಹುಳು ಗೊಬ್ಬರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ. ತಯಾರಿಸುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದರೆ ಗೊಬ್ಬರ ಯಾರಿಂದ ಬಂದದ್ದು ಅಂತ ತೋರಿಸುವ ಮೂಲದ ಪ್ರಮಾಣಪತ್ರ, ಅಂದರೆ ಫಾರ್ಮ್ ಓ, ಇಲ್ಲದೆ ಮುಂದಿನ ಟೆಂಡರ್‌ಗೆ ಕೈ ಹಾಕಬೇಡಿ. ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಎಲ್ಲದರಲ್ಲೂ ಕಂಪನಿಯ ಹೆಸರು ಅಕ್ಷರ ಬಿಡದೆ ಒಂದೇ ಇರಲಿ.

ಇಎಂಡಿ ಬಗ್ಗೆ ಒಂದು ಮಾತು. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆಯ ನೋಂದಣಿ) ಇದೆ ಅಂತ ಇಎಂಡಿ ಕಟ್ಟದೆ ಬಿಡಬೇಡಿ. ಸಣ್ಣ ಉದ್ದಿಮೆಗೆ ವಿನಾಯಿತಿ ಕೊಡುವ ಕೇಂದ್ರದ ಹಣಕಾಸು ನಿಯಮಗಳಾದ ಜಿಎಫ್‌ಆರ್ 2017ರ ನಿಯಮ 170 ಕೇಂದ್ರದ ಖರೀದಿಗೆ. ರಾಜ್ಯದ ಟೆಂಡರ್‌ನಲ್ಲಿ ಆ ದಾಖಲೆಯೊಳಗೇ ವಿನಾಯಿತಿ ಬರೆದಿದ್ದರೆ ಮಾತ್ರ ನಂಬಿ. ಷರತ್ತು ಅನ್ಯಾಯ ಅನ್ನಿಸಿದರೂ ಬಿಡ್ ಹಾಕುವ ಮೊದಲೇ ಬರೆದು ಕೇಳಬೇಕು. ಒಪ್ಪಿ ಬಿಡ್ ಹಾಕಿ, ಸೋತ ಮೇಲೆ ಷರತ್ತೇ ತಪ್ಪು ಅಂದರೆ ಕೋರ್ಟ್ ಸಾಮಾನ್ಯವಾಗಿ ಕಿವಿಗೊಡುವುದಿಲ್ಲ.

ಅಕ್ಕ, ನಿಮ್ಮ ಕಡೆಗೆ ಬಂದರೆ, ಈ ಜಗಳಗಳು ಹುಟ್ಟುವುದೇ ಷರತ್ತು ಬರೆಯುವಾಗ. ಬೇರೆ ಕಡೆಯ ಹಳೆಯ ಟೆಂಡರ್ ತಂದು ನಕಲು ಮಾಡಬೇಡಿ. ಗೊಬ್ಬರದ ಟೆಂಡರ್ ಆದರೆ "ತಯಾರಕರ ವರದಿ, ಬಿಡ್ಡುದಾರರಿಗೆ ಅವರ ಅಧಿಕಾರ ಪತ್ರ" ಅಂತ ಒಂದು ಸಾಲು ಸೇರಿಸಿದರೆ ಅಣ್ಣನಂಥವರೂ ಒಳಗೆ ಬರುತ್ತಾರೆ, ನಿಮಗೂ ಪೈಪೋಟಿ ದರ ಸಿಗುತ್ತದೆ. ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ತುಂಡು ಮಾಡಬೇಡಿ. ಅಲ್ಪಾವಧಿ ಟೆಂಡರ್ ಅಂದರೆ ಮೇಲಧಿಕಾರಿ ಕಾರಣ ಬರೆದು ಅನುಮತಿ ಕೊಟ್ಟಿರಬೇಕು, 2000ದ ಕೆಟಿಪಿಪಿ ನಿಯಮಗಳಲ್ಲಿ ನಿಯಮ 17 ಅದನ್ನೇ ಹೇಳುತ್ತದೆ. ಆ ಅನುಮತಿಯ ಪ್ರತಿ ಕಡತದಲ್ಲಿದೆಯಾ ಅಂತ ಸಭೆಯಲ್ಲೇ ಕೇಳಿ. ಯಾರನ್ನಾದರೂ ಕೈಬಿಟ್ಟರೆ ಯಾವ ಪುಟದ ಯಾವ ಷರತ್ತು ಅಂತ ಬರೆಸಿ.

ಅಣ್ಣ, ಷರತ್ತಿನ ಆ ಪುಟ ಮತ್ತು ಪೋರ್ಟಲ್‌ನ ತಿರಸ್ಕಾರದ ಸಾಲು, ಹೆಸರುಗಳನ್ನು ಮುಚ್ಚಿ ಇಲ್ಲೇ ಹಾಕಿ. ಮೇಲ್ಮನವಿಯಲ್ಲಿ ಯಾವುದನ್ನು ಮೊದಲು ಬರೆಯಬೇಕು ಅಂತ ಕೂತು ನೋಡೋಣ. ಸಹಿ ಹಾಕುವ ಮೊದಲು ಟೆಂಡರ್ ಕೇಸ್ ನಡೆಸಿ ಗೊತ್ತಿರುವ ವಕೀಲರೊಬ್ಬರಿಗೆ ತೋರಿಸಿ.