ಅಳತೆ ಸರಿಯಿದ್ದರೂ ಬಸವಣ್ಣನಲ್ಲಿ ಜೀವ ಏಕೆ ಕಾಣುತ್ತಿಲ್ಲ? ಗಂಗಾವತಿಯ ಅಕ್ಕನವರ ಪ್ರಶ್ನೆಗೆ ಉತ್ತರ

ಅಕ್ಕನವರಿಗೆ ನಮಸ್ಕಾರ. ಮಣ್ಣೆತ್ತಿನ ಅಮಾವಾಸ್ಯೆಗೆಂದು ನೀವು ಮಾಡುತ್ತಿರುವ ಕುಳಿತ ಬಸವಣ್ಣನ, ಅಂದರೆ ಮಣ್ಣಿನ ಎತ್ತಿನ, ಚಿತ್ರಗಳನ್ನು ಮೂರೂ ಕಡೆಯಿಂದ ನೋಡಿದೆ. ಫೋನಿನಲ್ಲಿ ಸಿಕ್ಕ ಒಂದು ಫೋಟೊವನ್ನು ಎದುರಿಗಿಟ್ಟುಕೊಂಡು, ಕೈವಾರದಿಂದ ಅಳೆದು ಅಳೆದು ಮಾಡಿದಿರಿ, ಆದರೂ ಮನೆಯವರೆಲ್ಲ ಇದರಲ್ಲಿ ಜೀವ ಇಲ್ಲ ಎನ್ನುತ್ತಾರೆ ಎಂದು ಬರೆದಿದ್ದೀರಿ. ಅದಕ್ಕೆ ಕೆಲವರು ಅಳತೆ ಬಿಟ್ಟು ಮನಸ್ಸು ಹೇಳಿದಂತೆ ಮಾಡಿ ಎಂದಿದ್ದಾರೆ, ಇನ್ನು ಕೆಲವರು ಮೊದಲು ಶಾಸ್ತ್ರ ಕಲಿಯಿರಿ ಎಂದಿದ್ದಾರೆ. ಎರಡೂ ಮಾತು ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ಮಣ್ಣಿನ ಮುಂದೆ ಕುಳಿತಾಗ ಕೈ ಏನು ಮಾಡಬೇಕು ಎಂಬುದು ಎರಡರಿಂದಲೂ ತಿಳಿಯುವುದಿಲ್ಲ. ನಾನು ಕೊಪ್ಪಳ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುವವನು; ಚಿಕ್ಕಂದಿನಿಂದ ಪ್ರತಿ ವರ್ಷ ಮನೆಯ ಮಣ್ಣೆತ್ತುಗಳನ್ನು ನಾನೇ ಮಾಡುತ್ತ ಬಂದಿದ್ದೇನೆ. ಆ ಅನುಭವದಿಂದ ಹೇಳಬಹುದಾದಷ್ಟನ್ನು ಹೇಳುತ್ತೇನೆ.

ನಿಮ್ಮ ಬಸವಣ್ಣ ಎರಡೂ ಚಪ್ಪೆಗಳ (ಹಿಂಭಾಗದ ಎರಡು ಮಗ್ಗುಲುಗಳ) ಮೇಲೆ ಸಮನಾಗಿ ಭಾರ ಹಾಕಿ ಕುಳಿತಿದ್ದಾನೆ. ಎತ್ತು ಹಾಗೆ ಮಲಗುವುದಿಲ್ಲ. ಅದು ಮೊದಲು ಮುಂಗಾಲಿನ ಮಂಡಿಗಳನ್ನು ಊರಿ, ನಂತರ ಹಿಂಭಾಗವನ್ನು ಇಳಿಸಿ, ಒಂದು ಚಪ್ಪೆಯ ಮೇಲೆ ಒರಗಿಕೊಳ್ಳುತ್ತದೆ. ಹಿಂಗಾಲುಗಳ ಗೊರಸು ಒಂದೇ ಮಗ್ಗುಲಿಗೆ ಹೊರಬರುತ್ತವೆ. ಏಳುವಾಗ ಕುದುರೆಯಂತೆ ಮುಂಗಾಲು ಚಾಚಿ ಏಳದೆ ಹಿಂಭಾಗವನ್ನೇ ಮೊದಲು ಎತ್ತುತ್ತದೆ. ನೀವು ನೋಡಿ ಮಾಡಿದ ಫೋಟೊ ಎದುರಿನಿಂದ ತೆಗೆದದ್ದಾದುದರಿಂದ ಈ ಒರಗು ಅದರಲ್ಲಿ ಮರೆಯಾಗಿದೆ, ಮತ್ತು ಫೋಟೊದಲ್ಲಿ ಇಲ್ಲದ್ದನ್ನು ಕೈವಾರ ಅಳೆಯಲಾರದು. ಕೊಟ್ಟಿಗೆಯಲ್ಲಿ ಬೆಳೆದವರು ಇದನ್ನು ಬಾಯಿಬಿಟ್ಟು ಹೇಳಲಾರರು, ಆದರೆ ನೋಡಿದ ಕೂಡಲೇ ಅವರ ಮನಸ್ಸಿಗೆ ಏನೋ ತಪ್ಪಿದಂತೆ ತೋರುತ್ತದೆ. ನಿಮ್ಮ ಮನೆಯವರು ಜೀವ ಇಲ್ಲ ಎಂದದ್ದು ಬಹುಶಃ ಇದೇ ಕಾರಣಕ್ಕೆ.

ಹೊಳೆಯುವುದು, ಒಳಗಿನಿಂದ ಬರುವುದು ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಖಾಲಿ ಜಾಗದಿಂದ ಬರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮಲ್ಲಿ ಎಡಕ್ಕೆ ಹೂಡುತ್ತಿದ್ದ ಒಂದು ಬಿಳಿ ಎತ್ತು ಇತ್ತು. ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ದುಡಿದು, ಒಂದು ಬೇಸಿಗೆಯಲ್ಲಿ ತೀರಿಕೊಂಡಿತು. ಆ ವರ್ಷದ ಅಮಾವಾಸ್ಯೆಗೆ ನಾನು ಅದನ್ನೇ ಮಾಡಬೇಕೆಂದು ಎಣಿಸಿರಲಿಲ್ಲ. ಎಂದಿನಂತೆ ಐದು ಎತ್ತುಗಳನ್ನು ಮಾಡುತ್ತಿದ್ದೆ. ಮೂರನೆಯದರ ಕತ್ತನ್ನು ಒತ್ತುವಾಗ ಹೆಬ್ಬೆರಳು ಹೆಗಲ ಮೇಲಿನ ಹಿಣಿಲಿನ (ಡುಬ್ಬದ) ಮುಂದೆ ಒಂದು ತಗ್ಗನ್ನು ತಾನಾಗಿಯೇ ಮಾಡಿತು. ಆ ಜಾಗದಲ್ಲಿ ನೊಗದ ಜಡ್ಡು ಮತ್ತು ಅದರ ಹಿಂದೆ ಒಂದು ತಗ್ಗು ಇದ್ದುದು, ಪ್ರತಿ ಸಂಜೆ ನಾನು ಅಲ್ಲಿ ಎಣ್ಣೆ ಸವರುತ್ತಿದ್ದುದು ಆಮೇಲೆ ನೆನಪಾಯಿತು. ಅದರ ನಂತರ ಎಡಗಿವಿ ಸ್ವಲ್ಪ ಕೆಳಗೆ ಬಂತು, ಬಲಗೊಂಬು ಎಡಗೊಂಬಿಗಿಂತ ಒಂದು ಎಳೆ ಹೆಚ್ಚು ಹಿಂದಕ್ಕೆ ಬಾಗಿತು. ಮರುದಿನ ದನ ಕಾಯುವ ನಮ್ಮ ಓಣಿಯ ಹಿರಿಯರೊಬ್ಬರು ಜಗಲಿಯ ಮೇಲೆ ಅದನ್ನು ಕಂಡು, ಏನೂ ಕೇಳದೆ, ಆ ಎತ್ತಿನ ಹೆಸರು ಹಿಡಿದು ಕರೆದರು. ಗೇಣುದ್ದವೂ ಇರದ ಮಣ್ಣಿನ ಮುದ್ದೆಯದು. ಅದರ ಅಳತೆಗಳು ಇಂದಿಗೂ ಸರಿಯಾಗಿಲ್ಲ ಎಂದು ನನಗೆ ಗೊತ್ತು.

ಆದುದರಿಂದ ಮೊದಲ ಕೆಲಸವೆಂದರೆ ಫೋನನ್ನು ಒಳಗಿಟ್ಟು ಎರಡು ಮೂರು ಸಂಜೆ ಯಾರದಾದರೂ ಕೊಟ್ಟಿಗೆಯಲ್ಲಿ ಕುಳಿತುಕೊಳ್ಳುವುದು. ಚಿತ್ರ ಬರೆಯುವ ಅಗತ್ಯವಿಲ್ಲ. ಗೋದಲಿಗೆ ಕಣಿಕೆ ಹಾಕಿ, ಮೈ ತಿಕ್ಕಿ, ಕೊರಳಿನ ಕೆಳಗೆ ಜೋಲುವ ಗಂಗೆದೊಗಲನ್ನು ಕೈಯಲ್ಲಿ ಹಿಡಿದು ನೋಡಿ. ಅದು ಎಷ್ಟು ತೆಳುವಾಗಿ ಮಡಿಕೆ ಬೀಳುತ್ತದೆ ಎಂಬುದು ಯಾವ ಫೋಟೊದಲ್ಲಿಯೂ ತಿಳಿಯುವುದಿಲ್ಲ. ಮೆಲುಕು ಹಾಕುವಾಗ ಕೆಳದವಡೆ ಮೇಲೆ ಕೆಳಗೆ ಆಡುವುದಕ್ಕಿಂತ ಅಡ್ಡಕ್ಕೆ ಸರಿಯುವುದನ್ನು ಗಮನಿಸಿ. ಸುಸ್ತಾದ ಎತ್ತಿನ ಮತ್ತು ಹೊಟ್ಟೆ ತುಂಬಿದ ಎತ್ತಿನ ಕಿವಿಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಮನೆಗೆ ಬಂದು, ಕಣ್ಣು ಮುಚ್ಚಿಕೊಂಡು, ಅರ್ಧ ಗಂಟೆಯಲ್ಲಿ ಒಂದು ಎತ್ತನ್ನು ಮಾಡಿ ಮುಗಿಸಿರಿ. ಅದು ಹೇಗೆ ಬಂದರೂ ಸರಿ, ಒಡೆಯಬೇಡಿ. ಅದರಲ್ಲಿ ಒಂದು ಜಾಗವಾದರೂ ನೀವು ಎಣಿಸದೆಯೇ ಸರಿಯಾಗಿ ಬಂದಿರುತ್ತದೆ, ಆ ಜಾಗವನ್ನು ಮುಂದಿನದಕ್ಕೆ ಇಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ನಾನು ಹಲವು ವರ್ಷ ಇದರಲ್ಲಿಯೇ ಸಿಕ್ಕಿಕೊಂಡಿದ್ದೆ. ಕೈಯ ರೂಢಿಯೂ ಒಳಗಿನ ಹೊಳಹಿನಂತೆಯೇ ಸಲೀಸಾಗಿ ಬರುತ್ತದೆ. ನೂರು ಸಲ ಮಾಡಿದ ಮೂತಿಯನ್ನು ಕೈ ನೂರೊಂದನೆಯ ಸಲವೂ ಮಾಡುತ್ತದೆ. ತಡೆಯಿಲ್ಲದೆ ಬಂತೆಂದು ನಾವು ಅದನ್ನು ಸ್ಫೂರ್ತಿ ಎಂದುಕೊಳ್ಳುತ್ತೇವೆ. ನಾನು ವ್ಯತ್ಯಾಸವನ್ನು ಕಂಡುಕೊಳ್ಳುವ ರೀತಿ ಇಷ್ಟೇ: ಐದು ಎತ್ತುಗಳನ್ನು ಸಾಲಾಗಿ ನಿಲ್ಲಿಸಿ, ರಾತ್ರಿ ದೀಪವನ್ನು ಒಂದು ಬದಿಗೆ ಮಾತ್ರ ಇಟ್ಟು ನೋಡುತ್ತೇನೆ. ಐದರ ಮುಖದ ಮೇಲೂ ನೆರಳು ಒಂದೇ ರೀತಿ ಬಿದ್ದರೆ ಅದು ರೂಢಿ. ಒಂದರ ನೆರಳು ಬೇರೆಯಾಗಿದ್ದು, ಅದನ್ನು ತಿದ್ದಬೇಕೆಂದು ಬೆರಳು ಹೋದರೂ ಮನಸ್ಸು ಒಪ್ಪದಿದ್ದರೆ, ಅದನ್ನು ಮುಟ್ಟದೆ ಬಿಡುತ್ತೇನೆ.

ಶಾಸ್ತ್ರದ ಮಾತಿಗೆ ಬರುತ್ತೇನೆ. ಅಳತೆ ಬೇಡವೆನ್ನುವವರ ಪಕ್ಷಕ್ಕೆ ನಾನು ಸೇರುವುದಿಲ್ಲ. ಎತ್ತರವನ್ನು ಮುಖದ ಒಂಬತ್ತು ಪಟ್ಟು ಹಿಡಿಯುವ ನವತಾಲ ಪದ್ಧತಿಯಲ್ಲಿ ಮೂರ್ತಿಯ ಎತ್ತರ 108 ಅಂಗುಲ, ಮುಖ 12 ಅಂಗುಲ. ಆ ಅಂಗುಲವನ್ನು ಹೊರಗಿನ ಯಾವ ಪಟ್ಟಿಯಿಂದಲೂ ತರದೆ ಆ ಮೂರ್ತಿಯಿಂದಲೇ ಪಡೆಯುತ್ತಾರೆ. ಮೂರ್ತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಅದರ ಮುಖವೇ ಅದಕ್ಕೆ ಮಾನ. ತೊಗಲುಗೊಂಬೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತೊಗಲುಗೊಂಬೆ ಆಡಿಸುವ, ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ನೆನಪಿದೆ. ನಮ್ಮ ಕರ್ನಾಟಕದ ಈ ಕಲೆಯಲ್ಲಿ ಅರಸರ ಮತ್ತು ದೇವತೆಗಳ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ದೇಹದ ಲೆಕ್ಕದಲ್ಲಿ ಅದು ತಪ್ಪು, ಆದರೆ ನೋಡುವವರ ಮನಸ್ಸಿನಲ್ಲಿ ಯಾರು ಎಷ್ಟು ದೊಡ್ಡವರೋ ಪರದೆಯ ಮೇಲೂ ಅವರು ಅಷ್ಟೇ ದೊಡ್ಡವರು. ಅಳತೆಯೂ ಮನುಷ್ಯರ ಭಾವದಿಂದಲೇ ಹುಟ್ಟಿದ್ದು ಎಂದು ನನಗೆ ಅನ್ನಿಸುವುದು ಇದರಿಂದ. ನೀವು ಬಳಸಿದ ಅಳತೆ ಮಾತ್ರ ಯಾರದೋ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದರ ಅಳತೆ.

ಸಾಧ್ಯವಾದರೆ ಒಂದು ದಿನ ಕಿನ್ನಾಳಕ್ಕೆ ಹೋಗಿ ಬನ್ನಿ, ನಿಮಗೆ ದೂರವೇನಲ್ಲ. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಭಾಗಗಳನ್ನು ಕಡೆದು, ಹುಣಸೆ ಬೀಜದ ಅಂಟಿನಿಂದ ಮಾಡಿದ ಕಿಟ್ಟದಲ್ಲಿ ಜೋಡಿಸುತ್ತಾರೆ. ಒಡವೆಗಳ ಉಬ್ಬುಗೆಲಸಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದಿಂದ ಎಳೆಯುತ್ತಾರೆ. ನಾನು ಒಮ್ಮೆ ಅಲ್ಲಿನ ಹಿರಿಯರೊಬ್ಬರ ಪಕ್ಕದಲ್ಲಿ ಅರ್ಧ ದಿನ ಕುಳಿತು ಅದನ್ನೇ ನೋಡಿದೆ. ಗೌರಿಯ ಕೊರಳಿನ ಸರದ ಒಂದೊಂದು ಮಣಿಯನ್ನೂ ಅವರು ಗುರುತು ಹಾಕಿಕೊಳ್ಳದೆ ಕುಂಚದ ತುದಿಯಿಂದ ಇಟ್ಟುಕೊಂಡು ಹೋದರು. ಕಲಸಿದ್ದು ಕುಂಚದಿಂದ ಇಳಿಯುವ ಹದವನ್ನು ನೋಡಿ ಕೈಯನ್ನು ಬೇಗ ಮಾಡುವುದು, ನಿಧಾನ ಮಾಡುವುದು ನಡೆದಿತ್ತು. ಕೊನೆಯ ಮಣಿ ಸರಿಯಾಗಿ ಬೆನ್ನ ನಡುವೆ ಮೊದಲನೆಯದಕ್ಕೆ ಕೂಡಿತು. ಲೆಕ್ಕ ಹೇಗೆ ಸಿಕ್ಕಿತೆಂದು ಕೇಳಿದಾಗ, ಮೊದಲನೆಯದನ್ನು ಇಡುವಾಗಲೇ ಕೊನೆಯದು ಕಾಣುತ್ತದೆ ಎಂದರು. ಅದರ ಹಿಂದೆ ಎಷ್ಟು ಸಾವಿರ ಮಣಿಗಳು ಇದ್ದಿರಬೇಕು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಮಣ್ಣಿನ ವಿಷಯದಲ್ಲಿ ಎರಡು ಮಾತು. ನಿಮ್ಮ ಚಿತ್ರದಲ್ಲಿ ಕುತ್ತಿಗೆಯ ಬಳಿ ಬಿರುಕು ಕಾಣುತ್ತದೆ, ಬರಿ ಎರೆಮಣ್ಣು ಬಳಸಿದಂತಿದೆ. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಬಹಳ ಕುಗ್ಗುತ್ತದೆ. ಕೆರೆಯ ಮಣ್ಣಿಗೆ ಅದರ ಮೂರನೆಯ ಒಂದು ಭಾಗ ಸೋಸಿದ ಸಣ್ಣ ಮರಳನ್ನು ಮತ್ತು ಬಿಡಿಸಿದ ಅರಳೆಯನ್ನು ಸೇರಿಸಿ ಚೆನ್ನಾಗಿ ನಾದಿ, ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಕೊಂಬು, ಕಿವಿ ಜೋಡಿಸುವಾಗ ಎರಡೂ ಕಡೆ ಗೀರಿ ನೀರುಮಣ್ಣು ಹಚ್ಚಿ ಕೂಡಿಸಿ, ನೆರಳಿನಲ್ಲಿ ಒಣಗಿಸಿ.

ಕಣ್ಣನ್ನು ಕೊನೆಗೆ ಇಡಿ. ನೀವು ಮನುಷ್ಯರ ಕಣ್ಣಿನಂತೆ ಎರಡನ್ನೂ ಎದುರಿಗೆ ಬರೆದಿದ್ದೀರಿ. ಎತ್ತಿನ ಕಣ್ಣು ತಲೆಯ ಮಗ್ಗುಲಲ್ಲಿ ಉಬ್ಬಿಕೊಂಡಿರುತ್ತದೆ, ಅದರ ಪಾಪೆ ಅಡ್ಡಕ್ಕೆ ಉದ್ದವಾಗಿರುತ್ತದೆ. ನಮ್ಮ ಮನೆಯಲ್ಲಿ ಗುಲಗಂಜಿ ಒತ್ತುತ್ತೇವೆ. (ಅದು ವಿಷದ ಬೀಜ, ಮಕ್ಕಳ ಕೈಗೆ ಕೊಡಬೇಡಿ.) ಮಣ್ಣು ಇನ್ನೂ ಹಸಿಯಾಗಿರುವಾಗ ಅದನ್ನು ಕೂರಿಸಿ, ಜಾಲಿಮುಳ್ಳಿನ ತುದಿಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಕಪ್ಪು ಮಚ್ಚೆ ಮುಂದಕ್ಕೆ ಬಂದರೆ ಎತ್ತು ಬೆದರಿದಂತೆ ಕಾಣುತ್ತದೆ, ಕೆಳಕ್ಕೆ ಸರಿದರೆ ಮೇವನ್ನು ನೋಡುತ್ತಿರುವಂತೆ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಇಲ್ಲಿ ಕುಳಿತು ಹೇಳಲಾರೆ, ಅದು ನೀವು ಯಾವ ಎತ್ತನ್ನು ಮಾಡುತ್ತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ತವರುಮನೆಯಲ್ಲಿ ಒಂದು ಕಿವಿ ಹರಿದ ಎತ್ತು ಇತ್ತು, ನೀವು ಶಾಲೆಯಿಂದ ಬಂದ ಕೂಡಲೇ ಅದಕ್ಕೆ ರೊಟ್ಟಿ ತಿನ್ನಿಸುತ್ತಿದ್ದಿರಿ ಎಂದು ಒಂದು ಸಾಲು ಬರೆದಿದ್ದೀರಿ. ಈ ಸಲ ಅದನ್ನೇ ಮಾಡಿ. ಹರಿದದ್ದು ಯಾವ ಕಿವಿ ಎಂದು ಮರೆತಿದ್ದರೆ ತಕ್ಷಣ ತವರಿಗೆ ಫೋನ್ ಮಾಡಿ ಕೇಳಬೇಡಿ. ರೊಟ್ಟಿ ಹಿಡಿದು ನೀವು ಯಾವ ಮಗ್ಗುಲಲ್ಲಿ ನಿಲ್ಲುತ್ತಿದ್ದಿರಿ, ಯಾವ ಕೈಯಿಂದ ಅದರ ಹಣೆ ಮುಟ್ಟುತ್ತಿದ್ದಿರಿ ಎಂದು ಮೊದಲು ನೆನಪಿಸಿಕೊಂಡು, ಮಣ್ಣಿನ ತಲೆಯ ಮೇಲೆ ಅದೇ ಕೈಯನ್ನು ಇಟ್ಟು ನೋಡಿ.