ಕೊಡಗಿನ ನಮ್ಮ ಕಾಫಿ ತೋಟದಂಚಲ್ಲಿ 12 ಮೀಟರ್ ಎತ್ತರದ, ಮುಂದಕ್ಕೆ ಬಾಗಿದ ಬಂಡೆ ಇದೆ. ಸ್ಪೋರ್ಟ್ ಕ್ಲೈಂಬಿಂಗ್‌ಗೆ ಆಗುತ್ತಾ?

ಎತ್ತರ ಧಾರಾಳ ಸಾಕು. ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಬಂಡೆಗೆ ಮೊದಲೇ ಬೋಲ್ಟ್ ಹೊಡೆದಿರುತ್ತಾರೆ. ಹತ್ತುತ್ತಾ ಅದಕ್ಕೆ ಕ್ವಿಕ್‌ಡ್ರಾ (ಎರಡೂ ತುದಿಗೆ ಕೊಕ್ಕೆ ಇರುವ ಗಟ್ಟಿ ಪಟ್ಟಿ) ಸಿಕ್ಕಿಸಿ, ಅದರೊಳಗೆ ಹಗ್ಗ ಹಾಕಿಕೊಂಡು ಮುಂದೆ ಹೋಗಬೇಕು. ಬಂಡೆ ಬಾಗಿದಷ್ಟೂ ಕಾಲಿನ ಮೇಲಿನ ಭಾರ ಕೈಗೆ ಬರುತ್ತದೆ. ಹತ್ತೇ ನಿಮಿಷಕ್ಕೆ ಮುಂಗೈ ಕಲ್ಲಿನಂತಾಗುತ್ತದೆ! ಒಂದು ಲಾಭವೂ ಇದೆ: ಜಾರಿದರೆ ಮೈ ಬಂಡೆಗೆ ಉಜ್ಜುವುದು ಕಡಿಮೆ, ಗಾಳಿಯಲ್ಲಿ ತೂಗಾಡುತ್ತೀರಿ. ಆದರೆ ಮೊದಲ ಎರಡು ಮೂರು ಬೋಲ್ಟ್ ದಾಟುವವರೆಗೆ ನೆಲಕ್ಕೇ ಬೀಳಬಹುದು. ಕೆಳಗೆ ಹಗ್ಗ ಹಿಡಿದವರು ಮೈಯೆಲ್ಲ ಕಣ್ಣಾಗಿರಬೇಕು.

ನಿಮ್ಮೂರಿನ ತಲೆನೋವು ಮಳೆ ಅಲ್ವಾ? ಬಾಗಿದ ಬಂಡೆಗೆ ಹನಿ ನೇರ ಬೀಳದಿದ್ದರೂ ಬಿರುಕಿನಿಂದ ನೀರು ಜಿನುಗುತ್ತಿರುತ್ತದೆ, ಪಾಚಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಬಿಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅದನ್ನು ಹೊಡೆಯುವ ಕೆಲಸ ಅನುಭವಿಗಳಿಗೆ ಬಿಡಿ, ಸುಮ್ನೆ ಡ್ರಿಲ್ ಹಿಡಿದು ಹೊರಡಬೇಡಿ. ಜಾಗ ಅರಣ್ಯಕ್ಕೆ ಸೇರಿದ್ದರೆ ಇಲಾಖೆಯ ಒಪ್ಪಿಗೆ ಬೇಕು. ಹೆಜ್ಜೇನು ಕಟ್ಟಿದ್ದರೆ ಹತ್ತಿರವೂ ಸುಳಿಯಬೇಡಿ.

ಅಭ್ಯಾಸಕ್ಕೆ ಮೊದಲು ಬಾದಾಮಿಗೆ ಹೋಗಿ ಬನ್ನಿ. ಅಲ್ಲಿನ ಮರಳುಗಲ್ಲಿನಲ್ಲಿ ಬೋಲ್ಟ್ ಹಾಕಿದ ದಾರಿಗಳು ಬೇಕಾದಷ್ಟಿವೆ.