ನೀರಿನ ಪ್ಲಾಸ್ಟಿಕ್ ಕಣಗಳಿಗೆ ಅಂಗೈ ಸಾಧನ

ಪ್ರಶ್ನೆ: ಕುಡಿಯುವ ನೀರಿನಲ್ಲಿರುವ ಅತಿಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಪ್ರಯೋಗಾಲಯಕ್ಕೆ ಹೋಗದೆ ಪತ್ತೆಹಚ್ಚಲು ಸಾಧ್ಯವೇ?

ಉತ್ತರ: ಒಂದು ಮಿತಿಯೊಳಗೆ ಸಾಧ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪುಟ್ಟ ಸಾಧನದಲ್ಲಿ, ಒಂದು ಹನಿಗಿಂತಲೂ ಕಡಿಮೆ ನೀರಿಗೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೊಳೆಯುವ ವಸ್ತುವನ್ನು ಬೆರೆಸಿ ಬೆಳಕು ಹಾಯಿಸಿದರೆ, 50 ನ್ಯಾನೊಮೀಟರ್‌ನಿಂದ (ಮಿಲಿಮೀಟರ್‌ನ ಇಪ್ಪತ್ತು ಸಾವಿರದಲ್ಲೊಂದು ಭಾಗ) 10 ಮೈಕ್ರಾನ್‌ವರೆಗಿನ (ಮಿಲಿಮೀಟರ್‌ನ ನೂರರಲ್ಲೊಂದು ಭಾಗ) ಕಣಗಳು ಮಿನುಗುತ್ತವೆ; ಅವುಗಳ ಪ್ರಮಾಣವನ್ನು ಮೊಬೈಲ್ ಆ್ಯಪ್ ಲೆಕ್ಕಹಾಕುತ್ತದೆ. ಬಿಸಿನೀರು ತುಂಬಿದ ಪಾಲಿಸ್ಟೈರೀನ್ (ಬಳಸಿ ಬಿಸಾಡುವ ಲೋಟಗಳಿಗೆ ಬಳಕೆಯಾಗುವ ಒಂದು ಬಗೆಯ ಪ್ಲಾಸ್ಟಿಕ್) ಲೋಟಗಳನ್ನೇ ಅವರು ಪರೀಕ್ಷಿಸಿದ್ದು ನಮ್ಮ ಚಹಾಪ್ರಿಯರು ಗಮನಿಸಬೇಕಾದ ಸಂಗತಿ.

ಆದರೆ ಆ ಸಾಧನವನ್ನು ಹೊಂದಿಸಿದ್ದು ಪಾಲಿಸ್ಟೈರೀನ್ ಅಳೆಯುವುದಕ್ಕೆ. ಅಲ್ಲದೆ, ಈ ಬಗೆಯ ಪರೀಕ್ಷೆಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ನೈಲ್ ರೆಡ್ ಬಣ್ಣ ಜಿಡ್ಡಿಗೂ ಪಾಚಿಗೂ ಅಂಟುವುದರಿಂದ, ಕೆರೆಯ ನೀರಿನ ಮಾದರಿಯಲ್ಲಿರುವ ಜೈವಿಕ ಅಂಶವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಂಥ ರಾಸಾಯನಿಕದಿಂದ ಮೊದಲೇ ತೆಗೆಯದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಕಣ ಯಾವ ಪ್ಲಾಸ್ಟಿಕ್ಕಿನದೆಂದು ಖಚಿತಪಡಿಸಲು ಇಂದಿಗೂ, ಬೆಳಕು ಹಾಯಿಸಿ ವಸ್ತುವಿನ ರಾಸಾಯನಿಕ ಗುರುತನ್ನು ಓದುವ ರಾಮನ್ ಅಥವಾ ಅವಕೆಂಪು ರೋಹಿತದಂಥ ಪ್ರಯೋಗಾಲಯದ ಪರೀಕ್ಷೆ ಬೇಕು.